ಹನ್ನೊಂದು ಜನ, ಮೂರು ತಲೆಮಾರು, ಮಧ್ಯೆ ಸೊಳ್ಳೆ: ಎಲ್ಲಿಗೆ ಹೋಗೋಣ ಹೇಳಿ

ಹನ್ನೊಂದುಟಿಕೆಟ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮದು ಹನ್ನೊಂದು ಜನರ ದಂಡು. ಅಪ್ಪನಿಗೆ 72, ಹೃದಯಕ್ಕೆ ಸ್ಟೆಂಟ್ ಹಾಕಿಸಿ ನಾಲ್ಕು ವರ್ಷ ಆಯ್ತು. ಅಮ್ಮನಿಗೆ 68, ಶುಗರ್ ಇದೆ, ಜೊತೆಗೆ ಮಂಡಿನೋವು. ನಾನು, ತಮ್ಮ, ತಂಗಿ, ಮೂವರೂ ಜೋಡಿ ಸಮೇತ. ನನ್ನ ಮಕ್ಕಳಿಗೆ ಒಂಬತ್ತು ಮತ್ತು ನಾಲ್ಕು ವರ್ಷ. ತಮ್ಮನ ಮಗುವಿಗೆ ಏಳು ತಿಂಗಳು. ಎಲ್ಲರೂ ಒಂದ್ಸಲ ಒಟ್ಟಿಗೆ ಹೋಗಬೇಕು ಅಂತ ಎರಡು ವರ್ಷದಿಂದ ಮಾತಾಡುತ್ತಲೇ ಇದ್ದೇವೆ. ಕೊನೆಗೂ ಜನವರಿಯಲ್ಲಿ ಹತ್ತು ದಿನ ಎಲ್ಲರಿಗೂ ರಜೆ ಹೊಂದಿದೆ.

ಸಮುದ್ರ ಬೇಕು ಅಂತ ಎಲ್ಲರ ಆಸೆ. ಅಪ್ಪ ಮಾತ್ರ "ನೀವು ಎಲ್ಲಿ ಅಂತೀರೋ ಅಲ್ಲಿ" ಅನ್ನುತ್ತಾರೆ. ಅಂದರೆ ಅವರಿಗೂ ಸಮುದ್ರವೇ ಬೇಕು. ಮಾಲ್ಡೀವ್ಸ್, ಮಾರಿಷಸ್, ಬಾಲಿ ಅಂತ ಮೂರು ಹೆಸರು ಬರೆದುಕೊಂಡಿದ್ದೆವು. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿನಲ್ಲಿ ಡೆಂಗಿ, ಝೀಕಾ ಬಗ್ಗೆ ಒಂದು ಲಿಂಕ್ ಬಂತು. ಆಮೇಲೆ ಇನ್ನೊಂದು. ತಮ್ಮ "ಸೊಳ್ಳೆಗೆ ಹೆದರಿ ಮನೇಲಿ ಕೂರೋಕಾಗತ್ತಾ" ಅಂತ ಬರೆದ. ಅಲ್ಲಿಂದ ಮೂರು ದಿನ ಗ್ರೂಪ್ ಪೂರ್ತಿ ಮೌನ.

ಈ ಮೂರರಲ್ಲಿ ಯಾವುದು ವಾಸಿ? ಅಥವಾ ಪಟ್ಟಿಯನ್ನೇ ಹರಿದು ಹಾಕಬೇಕಾ?

ಸೊಳ್ಳೆಬ್ಯಾಟ್
ನಿಮ್ಮ ತಮ್ಮ ಹೇಳಿದ್ದು ಸರಿ. ಸೊಳ್ಳೆ ಎಲ್ಲಿ ಇಲ್ಲ? ಕ್ರೀಮ್ ಹಚ್ಚಿಕೊಂಡು ಹೋಗಿ ಬನ್ನಿ.

ಮ್ಯಾಪ್‌ಹುಚ್ಚ
"ಸೊಳ್ಳೆ ಎಲ್ಲಿ ಇಲ್ಲ" ಅನ್ನೋ ಪ್ರಶ್ನೆಗೆ 2025ರ ಅಕ್ಟೋಬರ್‌ವರೆಗೂ ಒಳ್ಳೆ ಉತ್ತರ ಇತ್ತು: ಐಸ್‌ಲ್ಯಾಂಡ್. ಆಗ ಅಲ್ಲೂ ಮೂರು ಸಿಕ್ಕವು. ಪತಂಗ ಹಿಡಿಯೋಕೆ ವೈನಿನಲ್ಲಿ ಅದ್ದಿ ಕಟ್ಟಿದ್ದ ಹಗ್ಗಕ್ಕೆ ಬಂದು ಕೂತಿದ್ದವಂತೆ. ಹಾಗಾಗಿ ಆ ಉತ್ತರವೂ ಹೋಯ್ತು.

ಆದರೆ ಪ್ರಶ್ನೆಯೇ ತಪ್ಪು. ಸೊಳ್ಳೆ ಇದೆಯಾ ಅಂತಲ್ಲ, ಯಾವ ಸೊಳ್ಳೆ, ಅದರ ಹೊಟ್ಟೆಯಲ್ಲಿ ಏನಿದೆ ಅಂತ ಕೇಳಬೇಕು. ನ್ಯೂಜಿಲೆಂಡಿನಲ್ಲಿ ಸೊಳ್ಳೆ ಬೇಕಾದಷ್ಟಿವೆ. ಆದರೆ ಅಲ್ಲಿ ಕಚ್ಚಿಸಿಕೊಂಡು ಡೆಂಗಿ, ಮಲೇರಿಯಾ ಬರೋದಿಲ್ಲ. ತುರಿಕೆ ಬರತ್ತೆ, ಅಷ್ಟೇ.

ನಿಮ್ಮ ಮೂರು ಜಾಗದ ಬಗ್ಗೆ: ಮಾಲ್ಡೀವ್ಸಿಗೆ ಮಲೇರಿಯಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಪ್ರಮಾಣಪತ್ರ ಕೊಟ್ಟಿದೆ. ಆದರೆ ಡೆಂಗಿ ಇದೆ, ಝೀಕಾ ಕೂಡ ಕಂಡಿದೆ. ಮಾರಿಷಸ್‌ನಲ್ಲಿ ಮಲೇರಿಯಾ ಚಿಂತೆ ಇಲ್ಲ. ಆದರೆ 2005–06ರಲ್ಲಿ ಚಿಕುನ್‌ಗುನ್ಯಾ ಬಂತು, 2025ರಲ್ಲಿ ಮತ್ತೆ ಬಂತು. ಪಕ್ಕದ ರಿಯೂನಿಯನ್ ದ್ವೀಪದಲ್ಲಂತೂ 2005–06ರಲ್ಲಿ ಮೂರರಲ್ಲಿ ಒಬ್ಬರು ಮಲಗಿಬಿಟ್ಟಿದ್ದರು. ಬಾಲಿಯಲ್ಲಿ ಡೆಂಗಿ ವರ್ಷಪೂರ್ತಿ. ಜನವರಿ ಅಂದರೆ ಅಲ್ಲಿ ಮಳೆಗಾಲ ಬೇರೆ.

ಸೊಳ್ಳೆಬ್ಯಾಟ್
ಪ್ರತಿ ವರ್ಷ ಲಕ್ಷಗಟ್ಟಲೆ ಜನ ಬಾಲಿಗೆ ಹೋಗುತ್ತಾರೆ. ಎಲ್ಲರೂ ಡೆಂಗಿ ಹಿಡಿಸಿಕೊಂಡು ಬಂದರಾ?

ಜ್ವರದಮಾತ್ರೆ
ಎಲ್ಲರಿಗೂ ಬರೋದಿಲ್ಲ, ನಿಜ. ಆದರೆ ಆ ಲಕ್ಷ ಜನರಲ್ಲಿ ಸ್ಟೆಂಟ್ ಹಾಕಿಸಿಕೊಂಡ 72ರ ಅಪ್ಪ ಎಷ್ಟು ಜನ?

ನಾನು ಆಸ್ಪತ್ರೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಟಿಕೆಟ್ ಅವರೇ, ನಿಮ್ಮ ಅಪ್ಪ ಸ್ಟೆಂಟ್‌ಗಾಗಿ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿರಬೇಕು, ಅಲ್ವಾ? ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವದ ಭಯ ಇರುತ್ತದೆ. ಆ ಹೊತ್ತಿಗೆ ಈ ಮಾತ್ರೆ ಮುಂದುವರಿಸಬೇಕಾ, ನಿಲ್ಲಿಸಬೇಕಾ ಅನ್ನೋದು ಡಾಕ್ಟರಿಗೇ ತಲೆನೋವು. ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳುವ ಭಯ. ಮುಂದುವರಿಸಿದರೆ ರಕ್ತ ಸೋರುವ ಭಯ. ಎಲ್ಲರೂ ಏಳು ತಿಂಗಳ ಮಗುವಿನ ಕಡೆಗೇ ನೋಡುತ್ತಾರೆ. ನನಗೆ ಮೊದಲು ಕಂಡಿದ್ದು ನಿಮ್ಮ ಅಪ್ಪ.

ಇನ್ನೊಂದು. ಡೆಂಗಿಯಲ್ಲಿ ನಾಲ್ಕು ಬಗೆ ಇದೆ. ಒಂದು ಬಗೆ ಬಂದು ಹೋದವರಿಗೆ ಬೇರೆ ಬಗೆ ಬಂದರೆ ಜೋರಾಗುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಯಾರಿಗೆ ಹಿಂದೆ ಬಂದಿತ್ತು ಅಂತ ಕೇಳಿ ಇಟ್ಟುಕೊಳ್ಳಿ.

ಹನ್ನೊಂದುಟಿಕೆಟ್
ಹೌದು, ದಿನಾ ಆಸ್ಪಿರಿನ್ ತಗೊಳ್ಳುತ್ತಾರೆ. ಇದು ನಮಗೆ ಹೊಳೆದೇ ಇರಲಿಲ್ಲ. ಅಮ್ಮನಿಗೆ ಆರು ವರ್ಷದ ಹಿಂದೆ ಡೆಂಗಿ ಬಂದಿತ್ತು.

ಕಿಟಕಿಸೀಟು
ಇದು ನನ್ನ ಮಾವನ ಕಥೆ. ಬೀಚಿಗೆ ಹೋಗಿ ಬಂದು ಐದನೇ ದಿನಕ್ಕೆ ಜ್ವರ. ಮೈಕೈ ನೋವು ಅಂತ ಮಂಡಿನೋವಿನ ಮಾತ್ರೆಯನ್ನೇ ಎರಡೆರಡು ನುಂಗಿದರು. ನಾಲ್ಕು ದಿನ ಬಿಟ್ಟು ಜ್ವರ ಇಳಿಯಿತು. ನಾವೆಲ್ಲ ಖುಷಿ. ಅತ್ತೆ ಥರ್ಮಾಮೀಟರ್ ಒರೆಸಿ ಡಬ್ಬಿಗೆ ಹಾಕಿ ಒಳಗಿಟ್ಟರು. ಅದೇ ಸಂಜೆ ಮಾವನಿಗೆ ಹೊಟ್ಟೆನೋವು ಶುರು. ಹಲ್ಲುಜ್ಜಿ ಉಗುಳಿದರೆ ಬೇಸಿನ್ ಪೂರ್ತಿ ಗುಲಾಬಿ ಬಣ್ಣ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು "ಗ್ಯಾಸ್ಟ್ರಿಕ್" ಅಂದು ವಾಪಸ್ ಕಳಿಸಿದರು. ಎರಡನೇ ಆಸ್ಪತ್ರೆಯಲ್ಲಿ ಐಸಿಯು.

ಉಳಿದುಕೊಂಡರು. ಆದರೆ ಆ ಗುಲಾಬಿ ಬೇಸಿನ್ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಜ್ವರದಮಾತ್ರೆ
ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ಕಷ್ಟದ ಹೊತ್ತು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು: ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಮುಟ್ಟಬೇಡಿ. ಸೊಳ್ಳೆ ಕಚ್ಚಿದ ಮೇಲೆ ಸಾಮಾನ್ಯವಾಗಿ 4ರಿಂದ 10 ದಿನಕ್ಕೆ ಜ್ವರ ಬರುತ್ತದೆ. ಅಂದರೆ ರಜೆ ಮುಗಿಸಿ ಮನೆಗೆ ಬಂದ ಮೇಲೂ ಬರಬಹುದು. ಡಾಕ್ಟರಿಗೆ "ಎಲ್ಲಿಗೆ ಹೋಗಿದ್ದೆವು" ಅಂತ ಹೇಳಲೇಬೇಕು.

ಸೊಳ್ಳೆಬ್ಯಾಟ್
ಸರಿ ಸರಿ, ಹೆದರಿಸಿಬಿಟ್ಟಿರಿ. ಆದರೂ ನನ್ನ ಮಾತು ಅದೇ. ರಾತ್ರಿ ಪರದೆ ಕಟ್ಟಿ ಮಲಗಿದರೆ ಮುಗೀತಲ್ಲ?

ಮ್ಯಾಪ್‌ಹುಚ್ಚ
ರಾತ್ರಿ ಕಚ್ಚೋದು ಮಲೇರಿಯಾ ಸೊಳ್ಳೆ ಗುರು. ಡೆಂಗಿ, ಝೀಕಾ, ಚಿಕುನ್‌ಗುನ್ಯಾ ಮೂರನ್ನೂ ಹರಡೋದು ಈಡಿಸ್. ಅದರ ಡ್ಯೂಟಿ ಹಗಲು. ಬೆಳಿಗ್ಗೆ ಒಂದು ಸುತ್ತು, ಸಂಜೆ ಕತ್ತಲಾಗೋ ಮುಂಚೆ ಇನ್ನೊಂದು ಸುತ್ತು. ಮಕ್ಕಳು ಆಡುವ ಹೊತ್ತು, ಅಜ್ಜ ವಾಕಿಂಗ್ ಹೋಗುವ ಹೊತ್ತು.

ಎರಡುಮಕ್ಕಳಪ್ಪ
ಮಗು ಹಗಲು ಮಲಗತ್ತಲ್ಲ, ಆಗ ಪರದೆ ಬೇಕು. ತಳ್ಳುಗಾಡಿಗೆ ಹೊದಿಸುವ ಪರದೆ ಸಿಗತ್ತೆ. ನಾವು ಅದೊಂದನ್ನು ಮರೆತು ಅನುಭವಿಸಿದ್ದೇವೆ. ಮಗುವಿನ ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು.

ಲಗೇಜ್‌ರಾಣಿ
ನಾನು ಹೋಗಿದ್ದ ಒಂದು ರೆಸಾರ್ಟ್ ಫೋಟೋದಲ್ಲಿ ಸ್ವರ್ಗ. ಸ್ನಾನದ ಮನೆಗೆ ಚಾವಣಿಯೇ ಇಲ್ಲ, ಮೇಲೆ ಆಕಾಶ. ಬಾಗಿಲಲ್ಲಿ ದೊಡ್ಡ ಬಟ್ಟಲು, ನೀರಿನಲ್ಲಿ ಹೂವು ತೇಲಿಸಿದ್ದರು. ಮಗಳು ಹೂವು ಸರಿಸಿ "ಅಮ್ಮಾ, ಇಲ್ಲಿ ಕಾಮಾ ಚಿಹ್ನೆಗಳು ಈಜ್ತಿವೆ" ಅಂದಳು. ಬಗ್ಗಿ ನೋಡಿದರೆ ಸೊಳ್ಳೆ ಮರಿಗಳು! ನೂರಾರು. ಮೇಲೆ ಬಂದು ಬಾಲ ನೀರಿನ ಮೇಲ್ಮೈಗೆ ತಾಗಿಸಿ ನೇತಾಡೋದು, ನಮ್ಮ ನೆರಳು ಬಿದ್ದರೆ ಪಟ್ಟಂತ ಕೆಳಗೆ ಇಳಿಯೋದು. ರಿಸೆಪ್ಷನ್ನಿಗೆ ಹೇಳಿದೆ. ಅವರು ನಗುತ್ತಾ ಬಂದು ಹೂವು ಬದಲಾಯಿಸಿದರು. ನೀರು ಹಾಗೇ ಇತ್ತು.

ಕಿಟಕಿಸೀಟು
ಕಾಮಾ ಚಿಹ್ನೆ 😂 ಮಗಳಿಗೆ ಕನ್ನಡದಲ್ಲಿ ಫುಲ್ ಮಾರ್ಕ್ಸ್ ಕೊಡಿ.

ಮ್ಯಾಪ್‌ಹುಚ್ಚ
ಈಡಿಸ್‌ಗೆ ಕೊಚ್ಚೆ ಬೇಡ. ಮನುಷ್ಯರು ಇಟ್ಟ ತಿಳಿನೀರೇ ಇಷ್ಟ. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿ ಕೂತಿರುತ್ತದೆ, ನೀರು ಬಿದ್ದರೆ ಒಡೆಯುತ್ತದೆ. ನೀರು ಚೆಲ್ಲಿದರೆ ಸಾಲದು, ಬಟ್ಟಲು ತಿಕ್ಕಬೇಕು. ಅದು ದೂರವೂ ಹಾರೋದಿಲ್ಲ, ಹುಟ್ಟಿದ ಕಡೆಯೇ ಸುತ್ತುತ್ತಿರುತ್ತದೆ. ಹಾಗಾಗಿ ಊರು ಯಾವುದು ಅನ್ನೋದರಷ್ಟೇ ಮನೆ ಯಾವುದು ಅನ್ನೋದೂ ಮುಖ್ಯ. ಕಿಟಕಿಗೆ ಜಾಲರಿ ಇದೆಯಾ, ಎಸಿ ಇದೆಯಾ ಕೇಳಿ.

ಅಂದಹಾಗೆ ಇದೇ ಈಡಿಸ್ ಒಳಗೆ ವೊಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ಸೇರಿಸಿ ಬಿಟ್ಟರೆ ಡೆಂಗಿ ಹರಡೋದು ಕಮ್ಮಿಯಾಗತ್ತೆ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ನಡೆಸಿದ ಪರೀಕ್ಷೆಯಲ್ಲಿ ಡೆಂಗಿ 77% ಇಳಿಯಿತು.

ಸೊಳ್ಳೆಬ್ಯಾಟ್
ಸೊಳ್ಳೆ ಓಡಿಸೋಕೆ ಸೊಳ್ಳೆನೇ ತಂದು ಬಿಡೋದಾ! ನಾವು ಬ್ಯಾಟ್ ಹಿಡಿದವರು ಏನು ಮಾಡೋಣ?

ಲಗೇಜ್‌ರಾಣಿ
ನಾವು ಬೆಳ್ಳುಳ್ಳಿ ತಿಂದು ಹೋಗುತ್ತೇವೆ. ಕೈಗೆ ಕಟ್ಟುವ ಬ್ಯಾಂಡ್ ಕೂಡ ಇದೆ. ವಿಟಮಿನ್ ಬಿ ಮಾತ್ರೆ ತಗೊಂಡರೂ ಸೊಳ್ಳೆ ಹತ್ತಿರ ಬರಲ್ಲ ಅಂತ ಕೇಳಿದ್ದೇನೆ.

ಜ್ವರದಮಾತ್ರೆ
ರಾಣಿ ಮೇಡಂ, ಬೆಳ್ಳುಳ್ಳಿಗೆ ಗಂಡ ದೂರ ಹೋಗಬಹುದು, ಸೊಳ್ಳೆ ಹೋಗಲ್ಲ. ಬ್ಯಾಂಡೂ ಅಷ್ಟೇ, ವಿಟಮಿನ್ನೂ ಅಷ್ಟೇ. ಕಿರ್ ಅಂತ ಸದ್ದು ಮಾಡಿ ಸೊಳ್ಳೆ ಓಡಿಸುತ್ತೇವೆ ಅನ್ನೋ ಮೊಬೈಲ್ ಆ್ಯಪ್ ಕೂಡ ದಂಡ.

ಕೆಲಸ ಮಾಡೋದು ಡೀಟ್ ಅಥವಾ ಪಿಕಾರಿಡಿನ್ ಅನ್ನೋ ರಾಸಾಯನಿಕ ಇರುವ ಸೊಳ್ಳೆ ಕ್ರೀಮ್. ಎರಡು ತಿಂಗಳು ದಾಟಿದ ಮಗುವಿಗೆ ಡೀಟ್ ಹಚ್ಚಬಹುದು. ಆದರೆ ಕೈಬೆರಳು, ಕಣ್ಣು, ಬಾಯಿ ಹತ್ತಿರ ಬೇಡ. ನಿಂಬೆ ನೀಲಗಿರಿ ಎಣ್ಣೆಯ ಔಷಧಿ ಮೂರು ವರ್ಷದೊಳಗಿನವರಿಗೆ ಬೇಡ. "ನ್ಯಾಚುರಲ್" ಅಂತ ಬರೆದಿದ್ದರೂ ಬೇಡ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಇದು. ಜೊತೆಗೆ ಫ್ಯಾನ್ ಹಾಕಿಕೊಳ್ಳಿ. ಸೊಳ್ಳೆಗೆ ಗಾಳಿಗೆ ಎದುರಾಗಿ ಹಾರೋ ತಾಕತ್ತಿಲ್ಲ.

ಎರಡುಮಕ್ಕಳಪ್ಪ
ಇಷ್ಟೆಲ್ಲ ಯಾಕೆ, ಎತ್ತರದ ಜಾಗಕ್ಕೆ ಹೋಗಿ. 2000 ಮೀಟರ್ ಮೇಲೆ ಈಡಿಸ್ ಅಪರೂಪ. ಪೆರುವಿನ ಕುಸ್ಕೊ ನೋಡಿ, ಜೀವನದಲ್ಲಿ ಒಮ್ಮೆ ನೋಡಲೇಬೇಕಾದ ಜಾಗ.

ಜ್ವರದಮಾತ್ರೆ
ಕುಸ್ಕೊ ಸುಮಾರು 3400 ಮೀಟರ್ ಸರ್. 2500 ದಾಟಿದರೆ ಎತ್ತರದ ಕಾಯಿಲೆ ಶುರುವಾಗಬಹುದು. ಸ್ಟೆಂಟ್ ಹಾಕಿಸಿಕೊಂಡವರನ್ನು, ಏಳು ತಿಂಗಳ ಮಗುವನ್ನು ನೇರ ಅಲ್ಲಿಗೆ ಹತ್ತಿಸ್ತೀರಾ? ಸೊಳ್ಳೆ ತಪ್ಪಿತು ಅಂತ ಉಸಿರೇ ತಪ್ಪಿಸೋದಾ?

ಎರಡುಮಕ್ಕಳಪ್ಪ
ಒಪ್ಪಿದೆ. ಮಾತು ವಾಪಸ್.

ಸುಮ್ನೆಓದುವವ
ಯಾವಾಗಲೂ ಸುಮ್ನೆ ಓದಿ ಹೋಗುವವನು ನಾನು. ಒಂದು ಪ್ರಶ್ನೆ. ಗ್ರೂಪಿನಲ್ಲಿ ಆ ಲಿಂಕ್ ಕಳಿಸಿದ್ದು ಯಾರು?

ಹನ್ನೊಂದುಟಿಕೆಟ್
ತಂಗಿ. ಎರಡೂ ಅವಳೇ ಕಳಿಸಿದ್ದು. ಯಾಕೆ?

ಸುಮ್ನೆಓದುವವ
ಡೆಂಗಿ ಲಿಂಕ್ ಯಾರು ಬೇಕಾದರೂ ಕಳಿಸುತ್ತಾರೆ. ಝೀಕಾ ಲಿಂಕ್ ಸುಮ್ನೆ ಯಾರೂ ಕಳಿಸಲ್ಲ.

ಅಜ್ಜಿಯಾದೆ
ನನಗೂ ಅದೇ ಅನ್ನಿಸಿತ್ತು. ಬರೆಯಲೋ ಬೇಡವೋ ಅಂತ ಕೂತಿದ್ದೆ.

ಜ್ವರದಮಾತ್ರೆ
ಗೊತ್ತಿಲ್ಲದವರಿಗೆ: ಝೀಕಾ ಬಂದ ಐವರಲ್ಲಿ ನಾಲ್ವರಿಗೆ ಏನೂ ಗೊತ್ತೇ ಆಗೋದಿಲ್ಲ. ಉಳಿದವರಿಗೂ ಸಣ್ಣ ಜ್ವರ, ದದ್ದು, ಕೆಂಗಣ್ಣು, ಅಷ್ಟೇ. ಆದರೆ ಬಸಿರಿಯಲ್ಲಿ ಬಂದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೇ ಏಟು ಬೀಳಬಹುದು. ಬ್ರೆಜಿಲ್‌ನಲ್ಲಿ ತಲೆ ಚಿಕ್ಕದಾಗಿ ಹುಟ್ಟಿದ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2016ರ ಫೆಬ್ರವರಿ 1ರಂದು ತುರ್ತು ಪರಿಸ್ಥಿತಿ ಘೋಷಿಸಿತು. ಲಸಿಕೆ ಇಲ್ಲ. ಗಂಡನಿಂದ ಹೆಂಡತಿಗೂ ದಾಟುತ್ತದೆ. ಅದಕ್ಕೇ ಝೀಕಾ ಇರುವ ಕಡೆ ಹೋಗಿ ಬಂದರೆ ಹೆಂಗಸರು ಎರಡು ತಿಂಗಳು, ಗಂಡಸರು ಮೂರು ತಿಂಗಳು ಮಗುವಿನ ಪ್ರಯತ್ನ ಮುಂದೂಡಿ ಅನ್ನೋದು. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಗಂಡ ಒಬ್ಬನೇ ಹೋಗಿ ಬಂದರೂ ಈ ಲೆಕ್ಕ ತಪ್ಪೋದಿಲ್ಲ.

ಸೊಳ್ಳೆಬ್ಯಾಟ್
ಇದು ನಿಜಕ್ಕೂ ಗೊತ್ತಿರಲಿಲ್ಲ. ಹಾಗಿದ್ದರೆ ತಂಗಿ ನೇರ ಹೇಳಬಹುದಿತ್ತಲ್ಲ?

ಅಜ್ಜಿಯಾದೆ
ಹೇಗೆ ಹೇಳುತ್ತಾಳಪ್ಪ? ಹನ್ನೊಂದು ಜನ ಇರುವ ಗ್ರೂಪಿನಲ್ಲಿ "ನಾವು ಮಗುವಿಗೆ ಪ್ರಯತ್ನ ಮಾಡುತ್ತಿದ್ದೇವೆ" ಅಂತ ಬರೆಯೋಕಾಗತ್ತಾ? ಅಣ್ಣ, ಭಾವ, ಅಪ್ಪ ಎಲ್ಲ ಇದ್ದಾರೆ. ಹೇಳಿದ ಮಾರನೇ ತಿಂಗಳಿಂದ "ಏನಾದರೂ ವಿಶೇಷವಾ" ಅಂತ ಕೇಳೋಕೆ ಶುರು ಮಾಡುತ್ತಾರೆ. ಆಗದೇ ಹೋದರೆ ಅದನ್ನೂ ಎಲ್ಲರ ಮುಂದೆ ಹೇಳಬೇಕು. ಪಾಪ, ಅವಳು ಲಿಂಕ್ ಕಳಿಸಿ ನೋಡಿದಳು. ಅಣ್ಣ ತಮಾಷೆ ಮಾಡಿದ. ಸುಮ್ಮನಾದಳು.

ನನ್ನ ಸೊಸೆಯೂ ಹೀಗೇ. ಒಂದು ಪ್ರವಾಸಕ್ಕೆ "ರಜೆ ಸಿಗಲಿಲ್ಲ ಅತ್ತೆ" ಅಂದಳು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಕಾರಣ ಗೊತ್ತಾಗಿದ್ದು ಒಂದು ವರ್ಷದ ಮೇಲೆ.

ಟಿಕೆಟ್ ಮಗಳೇ, ಗ್ರೂಪಿನಲ್ಲಿ ಏನೂ ಕೇಳಬೇಡ. ಅವಳಿಗೆ ಫೋನ್ ಮಾಡು. ಮಾಡಿದರೂ ಒತ್ತಾಯ ಮಾಡಬೇಡ. ನನ್ನ ಕೇಳಿದರೆ ಅವಳು ಹೇಳದಿದ್ದರೂ ಪರವಾಗಿಲ್ಲ. ಯಾರೂ ಯಾರಿಗೂ ಕಾರಣ ಹೇಳುವ ಪ್ರಮೇಯವೇ ಬಾರದ ಜಾಗ ಆರಿಸು.

ಹನ್ನೊಂದುಟಿಕೆಟ್
ಒಂದು ನಿಮಿಷ ಫೋನ್ ಕೆಳಗಿಟ್ಟು ಕೂತೆ. ನಾಳೆ ಬರೆಯುತ್ತೇನೆ.

ಮ್ಯಾಪ್‌ಹುಚ್ಚ
ಅಷ್ಟರಲ್ಲಿ ನಾನು ಹುಡುಕುತ್ತೇನೆ. ಬೇಕಾಗಿರೋದು ಇಷ್ಟು: ಜನವರಿ, ಸಮುದ್ರ, ಬಿಸಿಲು, ಡೆಂಗಿ ಬೇಡ, ಝೀಕಾ ಬೇಡ, ಮಲೇರಿಯಾ ಬೇಡ, ಎತ್ತರ ಬೇಡ, ಒಳ್ಳೆ ಆಸ್ಪತ್ರೆ ಬೇಕು. ನ್ಯೂಜಿಲೆಂಡ್ ಒಂದು. ಆದರೆ ಹಾರಾಟ ಉದ್ದ, ಮಂಡಿಗೆ ಕಷ್ಟ. ಮತ್ತೆ ಅಲ್ಲಿನ ಫಿಯೋರ್ಡ್‌ಲ್ಯಾಂಡ್ ಕಡೆ ಮರಳುನೊಣ ಅಂತ ಒಂದಿದೆ. ಕಾಯಿಲೆ ಕೊಡಲ್ಲ, ನೆಮ್ಮದಿ ಮಾತ್ರ ಕಿತ್ತುಕೊಳ್ಳತ್ತೆ.

ಇನ್ನೊಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್. ಜನವರಿಯಲ್ಲಿ ಅಲ್ಲಿ ಬೇಸಿಗೆ, ಮಳೆ ಕಡಿಮೆ. ಮಲೇರಿಯಾ ಇರುವ ಪ್ರದೇಶ ಅಲ್ಲ.

ಕಿಟಕಿಸೀಟು
ಆಫ್ರಿಕಾ ಅಂದರೆ ಮಲೇರಿಯಾ ಅಲ್ವಾ?

ಮ್ಯಾಪ್‌ಹುಚ್ಚ
ಆಫ್ರಿಕಾ ಒಂದು ಊರಲ್ಲ ಮಾರಾಯ್ರೇ. ದಕ್ಷಿಣ ಆಫ್ರಿಕಾದಲ್ಲಿ ಮಲೇರಿಯಾ ಇರೋದು ಈಶಾನ್ಯ ಮೂಲೆಯಲ್ಲಿ, ಮೊಜಾಂಬಿಕ್ ಗಡಿ ಕಡೆ. ಕೇಪ್‌ಟೌನ್ ಇರೋದು ಅದರ ಎದುರು ಮೂಲೆಯಲ್ಲಿ. 2024ರಲ್ಲಿ ಈಜಿಪ್ಟಿಗೇ ಮಲೇರಿಯಾ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿದೆ, ಅದೂ ಆಫ್ರಿಕಾನೇ.

ಎರಡುಮಕ್ಕಳಪ್ಪ
ಅಲ್ಲಿವರೆಗೆ ಹೋಗಿ ಕ್ರೂಗರ್ ಕಾಡು ನೋಡದೇ ಬರೋದಾ? ಮಕ್ಕಳು ಸಿಂಹ ಕೇಳಲ್ವಾ?

ಮ್ಯಾಪ್‌ಹುಚ್ಚ
ಕ್ರೂಗರ್ ಇರೋದೇ ಆ ಮಲೇರಿಯಾ ಮೂಲೆಯಲ್ಲಿ. ಜನವರಿ ಅಂದರೆ ಅಲ್ಲಿ ಮಲೇರಿಯಾ ಸೀಸನ್. ಸಿಂಹವೇ ಬೇಕಾದರೆ ಅಡ್ಡೋ ಇದೆ, ಮಡಿಕ್ವೆ ಇದೆ. ಎರಡರಲ್ಲೂ ಮಲೇರಿಯಾ ಇಲ್ಲ. ಅಡ್ಡೋದಲ್ಲಿ ಆನೆಗಳು ಹಿಂಡು ಹಿಂಡು.

ಲಗೇಜ್‌ರಾಣಿ
ವಿಮಾನದ ದಾರಿ ನೋಡಿಕೊಳ್ಳಿ! ಹಳದಿ ಜ್ವರ ಇರುವ ದೇಶದ ಏರ್‌ಪೋರ್ಟಿನಲ್ಲಿ 12 ಗಂಟೆಗಿಂತ ಜಾಸ್ತಿ ಕಾದು ಹೋದರೆ ದಕ್ಷಿಣ ಆಫ್ರಿಕಾದವರು ಲಸಿಕೆ ಪತ್ರ ಕೇಳುತ್ತಾರೆ. ನೈರೋಬಿ, ಅಡಿಸ್ ಅಬಾಬಾ ಎಲ್ಲ ಆ ಲೆಕ್ಕಕ್ಕೆ ಬರುತ್ತವೆ. ಕಡಿಮೆ ದರ ಅಂತ ಉದ್ದ ಕಾಯುವ ಟಿಕೆಟ್ ತಗೊಂಡು ನನ್ನ ಗೆಳತಿ ಒದ್ದಾಡಿದ್ದಳು.

ಜ್ವರದಮಾತ್ರೆ
ಒಳ್ಳೆ ಮಾತು. ಆ ಲಸಿಕೆ ನಿಮ್ಮ ಮನೆಯವರಿಗೆ ಸುಲಭ ಅಲ್ಲ. ಸಾಮಾನ್ಯವಾಗಿ ಒಂಬತ್ತು ತಿಂಗಳು ತುಂಬದ ಮಗುವಿಗೆ ಕೊಡಲ್ಲ. 60 ದಾಟಿದವರಿಗೆ, ಬಸಿರಿಗೆ ಯೋಚಿಸಿ ಕೊಡಬೇಕಾದ ಲಸಿಕೆ. ಹನ್ನೊಂದರಲ್ಲಿ ಮೂರ್ನಾಲ್ಕು ಜನ ಅಲ್ಲೇ ನಿಂತುಬಿಡ್ತಾರೆ. ಗಲ್ಫ್ ಕಡೆಯಿಂದ ಹೋಗೋದು ನೋಡಿ.

ಕಿಟಕಿಸೀಟು
ಇನ್ಶೂರೆನ್ಸ್ ಪಾಲಿಸಿಯ ಸಣ್ಣ ಅಕ್ಷರ ಓದಿ. ನಮ್ಮದರಲ್ಲಿ ಹಳೇ ಹೃದಯದ ಕಾಯಿಲೆಯೂ ಇಲ್ಲ, ಬಸಿರಿನ ತೊಂದರೆಯೂ ಇಲ್ಲ ಅಂತ ಬರೆದಿತ್ತು. ಮತ್ತೆ ಇದ್ದಿದ್ದೇನು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಹನ್ನೊಂದುಟಿಕೆಟ್
ಬಂದೆ. ತಂಗಿಗೆ ಫೋನ್ ಮಾಡಿದೆ. ಏನೂ ಕೇಳಲಿಲ್ಲ. "ಬಾಲಿ, ಮಾಲ್ಡೀವ್ಸ್ ಎರಡೂ ಬೇಡ ಅಂತ ತೀರ್ಮಾನ ಮಾಡಿದ್ದೇನೆ, ಅಪ್ಪನ ಆಸ್ಪಿರಿನ್ ಕಾರಣಕ್ಕೆ" ಅಂದೆ. ಅಷ್ಟೇ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಕುಕ್ಕರ್ ಕೂಗೋದು ಮಾತ್ರ ಕೇಳಿಸುತ್ತಿತ್ತು. ಆಮೇಲೆ "ಅಕ್ಕಾ, ನಾನು ರಜೆ ಸಿಗಲಿಲ್ಲ ಅಂತ ಹೇಳೋಣ ಅಂತಿದ್ದೆ" ಅಂದಳು. ಉಳಿದಿದ್ದನ್ನು ಅವಳೇ ಹೇಳಿದಳು. ಒಂದೂವರೆ ವರ್ಷದಿಂದ ನಡೆದಿದೆಯಂತೆ. ಇಷ್ಟನ್ನು ಇಲ್ಲಿ ಬರೆಯಬಹುದು ಅಂತ ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಅಜ್ಜಿಯಾದೆ ಅಮ್ಮನಿಗೆ ಥ್ಯಾಂಕ್ಸ್ ಹೇಳು ಅಂದಳು.

ಗ್ರೂಪಿನಲ್ಲಿ ಕಾರಣ ಅಪ್ಪನ ಆಸ್ಪಿರಿನ್ ಅಂತಲೇ ಇದೆ. ಹಾಗೇ ಇರುತ್ತದೆ.

ಅಜ್ಜಿಯಾದೆ
ಸೊಸೆಗೆ ಇದನ್ನು ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದಳು. ಇಬ್ಬರಿಗೂ.

ಸೊಳ್ಳೆಬ್ಯಾಟ್
ನಾನು ಮೊದಲು ಬರೆದದ್ದಕ್ಕೆ ಸಾರಿ ಟಿಕೆಟ್ ಅವರೇ. ಎಲ್ಲಿಗೆ ಅಂತ ಆಯ್ತು?

ಹನ್ನೊಂದುಟಿಕೆಟ್
ಕೇಪ್‌ಟೌನ್. ಗಲ್ಫ್ ದಾರಿಯಲ್ಲಿ ಹೋಗೋದು. ಎಂಟು ದಿನ ಒಂದೇ ಮನೆ, ನೆಲಮಹಡಿ, ಅಮ್ಮನಿಗೆ ಮೆಟ್ಟಿಲಿಲ್ಲ. ಅಪ್ಪನ ಹೃದಯದ ಡಾಕ್ಟರನ್ನು ಮುಂದಿನ ವಾರ ನೋಡುತ್ತೇವೆ, ಅವರು ಹೂಂ ಅಂದ ಮೇಲೆ ಟಿಕೆಟ್. ಮಕ್ಕಳಿಗೆ ಬೋಲ್ಡರ್ಸ್ ಬೀಚಿನ ಪೆಂಗ್ವಿನ್ ತೋರಿಸಿದೆ, ಸಿಂಹ ಮರೆತೇ ಹೋಯ್ತು.

ಮ್ಯಾಪ್‌ಹುಚ್ಚ
ಒಂದು ಎಚ್ಚರಿಕೆ. ಅಲ್ಲಿ ಸಮುದ್ರ ತಣ್ಣಗೆ ಕೊರೆಯತ್ತೆ. ಸಮುದ್ರದ ಆಳದಿಂದ ಮೇಲೆ ಬರುವ ನೀರು. ಫಾಲ್ಸ್ ಬೇ ಕಡೆ ಸ್ವಲ್ಪ ವಾಸಿ. ಸೇಂಟ್ ಜೇಮ್ಸ್‌ನಲ್ಲಿ ಬಂಡೆಗಳ ಮಧ್ಯೆ ಗೋಡೆ ಕಟ್ಟಿದ ಕೊಳ ಇದೆ, ಮಕ್ಕಳಿಗೆ ಅದು ಸರಿ.

ಹನ್ನೊಂದುಟಿಕೆಟ್
ಅಪ್ಪನಿಗೆ ಹೇಳಿದೆ, ನೀರು ತುಂಬಾ ತಣ್ಣಗಂತೆ ಅಂತ. "ಕಾಲಾದರೂ ಅದ್ದಬಹುದಲ್ಲ" ಅಂದರು. ತಮ್ಮನೂ ಒಪ್ಪಿದ. ಒಪ್ಪಿದವನೇ ಅರ್ಧ ಗಂಟೆ ಬಿಟ್ಟು ಗ್ರೂಪಿಗೆ ಒಂದು ಲಿಂಕ್ ಹಾಕಿದ್ದಾನೆ. ಕೇಪ್‌ಟೌನಿನ ಶಾರ್ಕ್ ಬಗ್ಗೆ.